ಸುಖದುಃಖಗಳೂ ತನ್ನ ತಾನರಿವುದೂ

ಸುಖವು ಬಂದಾಗ ಅದು ತನ್ನ ಪುಣ್ಯದ ಫಲವೆಂದು ಹಿಗ್ಗುವುದೂ, ದುಃಖವು ಬಂದಾಗ ಶಿವನು ತನ್ನನ್ನು ಮರೆತನೆಂದು ಕುಗ್ಗುವುದೂ ಮಾನವನ ಸಹಜ ಸ್ವಭಾವವು. ಬೆಂಗಳೂರಿನ ಪಶ್ಚಿಮಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಯಾವ ಬೀದಿಯನ್ನು ಹೊಕ್ಕರೂ ಒಂದು ಬಾಗಿಲಲ್ಲಿ ಮದುವೆಯ ತೋರಣವೂ, ಅದರ ಸಮೀಪದಲ್ಲಿಯೇ ಸಾವಿನ ಅಳಲೂ ಇರುವುದುಂಟು. ಇಂದು ತೋರಣ ಕಟ್ಟಿದ ಬಾಗಿಲಿನಿಂದಲೇ ನಾಳೆ ವಿಮಾನವು ಹೊರಡಬಹುದು. ಹೀಗಿರುವಲ್ಲಿ ಗೃಹಸ್ಥನಾದ ಭಕ್ತನು ಯಾವುದನ್ನು ಆಶ್ರಯಿಸಿ ನಿಲ್ಲಬೇಕು?

ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಪ್ರಸಾದಿಸ್ಥಲವು ಪ್ರಾಣಲಿಂಗಿಸ್ಥಲಕ್ಕೆ ಮೊದಲು ಬಂದಿರುವುದು ವಿಚಾರಾರ್ಹವಾದುದು. ಪ್ರಸಾದವೆಂದರೆ ಎಡೆಯಲ್ಲಿ ಬಡಿಸಿದ ಪದಾರ್ಥ ಮಾತ್ರವಲ್ಲ; ಬಾಳಿನಲ್ಲಿ ಬಂದುದೆಲ್ಲವೂ ಲಿಂಗಾರ್ಪಿತವಾದರೆ ಪ್ರಸಾದವೇ. ಸಿಹಿಯನ್ನು ಮಾತ್ರ ಅರ್ಪಿಸಿ ಕಹಿಯನ್ನು ಬಚ್ಚಿಟ್ಟುಕೊಳ್ಳುವವನು ಅರ್ಧ ಪ್ರಸಾದಿಯು. ಎರಡನ್ನೂ ಅರ್ಪಿಸಿದವನಿಗೆ 'ಇದು ನನ್ನದು' ಎಂಬ ಹಿಡಿತವು ಸಡಿಲುವುದು. ಹಿಡಿತವು ಸಡಿಲಿದ ಮೇಲಲ್ಲವೆ, ಹಿಡಿದವನಾರೆಂಬ ಪ್ರಶ್ನೆಯು ಏಳುವುದು? ನಿನ್ನೆಯ ಸುಖವು ಹೋಯಿತು, ಮೊನ್ನೆಯ ದುಃಖವೂ ಹೋಯಿತು. ಎರಡನ್ನೂ ತಿಳಿದ ಅರಿವು ಮಾತ್ರ ಉಳಿಯಿತು. ಆ ಅರಿವಿಗೆ ಕರಸ್ಥಲದ ಇಷ್ಟಲಿಂಗವು ಕುರುಹು.

ಇಲ್ಲಿ ಒಂದು ಶಂಕೆಯು ಹುಟ್ಟುತ್ತದೆ. ಎಲ್ಲವೂ ಪ್ರಸಾದವಾದರೆ, ನೆರೆಮನೆಯವರು ಅಳುತ್ತಿರುವಾಗ 'ಪ್ರಸಾದವೆಂದು ತಿಳಿಯಿರಿ' ಎಂದು ಹೇಳಿ ಮುಂದೆ ಸಾಗಬಹುದೆ? ಸರ್ವಥಾ ಸಲ್ಲದು. ಪ್ರಸಾದಬುದ್ಧಿಯು ತನ್ನ ದುಃಖಕ್ಕೆ ತಾನು ಕೊಟ್ಟುಕೊಳ್ಳುವ ಮದ್ದೇ ಹೊರತು, ಪರರ ದುಃಖಕ್ಕೆ ಕೊಡುವ ಉತ್ತರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನು ಜನರ ನೀರಡಿಕೆಯನ್ನು ಕಂಡು ಮರುಗಿ ಕೆರೆಗಳನ್ನು ಕಟ್ಟಿಸಿದನು. ಅಲ್ಲಮಪ್ರಭುವು ಅವನನ್ನು ಹುಡುಕಿಕೊಂಡು ಬಂದು, ಹೊರಗೆ ಅಗೆಯುವವನು ಒಳಗನ್ನು ನೋಡಬೇಡವೆ ಎಂದು ಎಚ್ಚರಿಸಿದ ಸಂದರ್ಭವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಆ ಬಳಿಕ ಸಿದ್ಧರಾಮನು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ಇಷ್ಟಲಿಂಗವನ್ನು ಪಡೆದನು. ಪ್ರಭುದೇವನು ಕಳಚಬಯಸಿದುದು ಕೆರೆಯನ್ನಲ್ಲ, ಕರುಣೆಯನ್ನೂ ಅಲ್ಲ. 'ನಾನು ಕಟ್ಟಿಸಿದೆನು' ಎಂಬ ಅಭಿಮಾನವನ್ನು. ಕರುಣೆಯು ಉಳಿದು ಅಭಿಮಾನವು ಅಳಿದರೆ ಅದೇ ಕಾಯಕವು.

ತನ್ನನ್ನು ತಾನು ನೋಡಿಕೊಳ್ಳದವನ ಗತಿಯೇನು? ಕೆಂಗೇರಿಯ ಬಳಿ ಹರಿಯುವ ವೃಷಭಾವತಿಯನ್ನು ನೋಡಿದರೆ ಸಾಕು. ವೃಷಭನ ಪುಣ್ಯನಾಮವನ್ನು ಹೊತ್ತ ಆ ಹೊಳೆಯು ಇಂದು ನಗರದ ಕೊಳೆಯನ್ನು ಹೊತ್ತು ಅರ್ಕಾವತಿಯನ್ನು ಸೇರುತ್ತಿದೆ. ಹೆಸರು ಪವಿತ್ರವಾದ ಮಾತ್ರಕ್ಕೆ ನೀರು ತಿಳಿಯಾಗಲಿಲ್ಲ. ಹಾಗೆಯೇ ಎದೆಯ ಮೇಲೆ ಲಿಂಗವನ್ನು ಧರಿಸಿದ ಮಾತ್ರಕ್ಕೆ ಮನಸ್ಸು ತಿಳಿಯಾಗದು. ಹೊಳೆಗೆ ಕೊಳೆಯು ಒಂದೇ ದಿನ ಬರಲಿಲ್ಲ. ಮನಸ್ಸಿಗೂ ಅಸೂಯೆ, ಹಗೆ, ಹಳೆಯ ನೋವುಗಳು ದಿನದಿನವೂ ಬಂದು ಸೇರುವುವು.

ಆದುದರಿಂದ ಗೃಹಸ್ಥನು ಪ್ರಾತಃಕಾಲ ಲಿಂಗವನ್ನು ಕರಸ್ಥಲದಲ್ಲಿರಿಸಿದಾಗ ಬೇಡಿಕೆಗಳ ಪಟ್ಟಿಯನ್ನು ಒಪ್ಪಿಸುವ ಮೊದಲು, ನಿನ್ನೆ ತಾನು ಹಿಗ್ಗಿದುದೇತಕ್ಕೆ, ಕುಗ್ಗಿದುದೇತಕ್ಕೆ, ಯಾರ ಕಣ್ಣೀರನ್ನು ಕಂಡೂ ಕಾಣದೆ ಹೋದೆನೆಂದು ಕೇಳಿಕೊಳ್ಳಲಿ. ಉತ್ತರವು ಲಜ್ಜೆಯನ್ನು ತಂದರೂ ಅದನ್ನೂ ಲಿಂಗಕ್ಕೆ ಅರ್ಪಿಸಲಿ. ತನ್ನ ತಾನರಿವ ದಾರಿಯು ಅಲ್ಲಿಂದಲೇ ಮೊದಲಾಗುವುದು.