ಪುನರುಕ್ತಿ ಯಾವಾಗ ದೋಷ?

ಒಂದನ್ನೇ ಎರಡು ಸಲ ಹೇಳುವುದು ತಪ್ಪೇ ಎಂಬ ಪ್ರಶ್ನೆ ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ನ್ಯಾಯಸೂತ್ರಕಾರನಾದ ಗೌತಮನು ಪುನರುಕ್ತವನ್ನು ವಾದದಲ್ಲಿ ಸೋಲನ್ನು ತರುವ ನಿಗ್ರಹಸ್ಥಾನಗಳಲ್ಲಿ ಸೇರಿಸಿದನಾದರೂ, ಪ್ರಯೋಜನವುಳ್ಳ ಮರುನುಡಿಯನ್ನು ಆ ದೋಷದಿಂದ ಹೊರಗಿರಿಸಿದನು. ಪಾಣಿನಿಯಾದರೋ ಒಂದು ಸೂತ್ರದಲ್ಲಿ ನುಡಿದ ಪದವನ್ನು ಅನುವೃತ್ತಿಯಿಂದ ಮುಂದಿನ ಸೂತ್ರಗಳಿಗೆ ಹರಿಯಿಸಿ, ಸುಮಾರು 4,000 ಸೂತ್ರಗಳೊಳಗೆ ಒಂದು ಭಾಷೆಯ ವ್ಯಾಕರಣವನ್ನೇ ಅಡಗಿಸಿದನು. 1999ರಲ್ಲಿ ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ ಎಂಬಿಬ್ಬರು, ತಂತ್ರಾಂಶದಲ್ಲಿ ಒಂದು ತಿಳಿವಿಗೆ ಒಂದೇ ನೆಲೆಯಿರಬೇಕೆಂದು ಬರೆದಾಗ ಈ ಚರ್ಚೆಯೇ ಮುಂದುವರಿದಂತಾಯಿತು.

ಇದು ನವಲಗುಂದದ ಎರೆಹೊಲಕ್ಕೂ ಸಂಬಂಧಿಸಿದ ಮಾತು. 'ಭೂಮಿ' ಯೋಜನೆಯಿಂದ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಗಣಕವನ್ನೇರಿದ ಮೇಲೆ, ತಲಾಟಿಯ ಕೈಬರಹದಲ್ಲಿದ್ದ ಉತಾರವನ್ನು ಈಗ ಯಂತ್ರವೇ ನುಡಿಯುತ್ತದೆ. ಯಾವುದೋ ಒಂದು ತಂತ್ರಾಂಶದ ಬೆಳೆಸಾಲದ ಭಾಗದಲ್ಲಿ, 40 ಗುಂಟೆಗೆ ಒಂದು ಎಕರೆಯಂತೆ ಹೊಲದ ಕ್ಷೇತ್ರವನ್ನು ಲೆಕ್ಕ ಹಾಕುವ ಕ್ರಮವನ್ನು ಒಬ್ಬನು ಬರೆದನೆಂದೂ, ಇನ್ನೊಬ್ಬನು ಅದನ್ನೇ ನಕಲಿಸಿ ಬೆಳೆವಿಮೆಯ ಭಾಗದಲ್ಲಿ ಅಂಟಿಸಿದನೆಂದೂ ಭಾವಿಸೋಣ. ಸಾಗುವಳಿಗೆ ಬಾರದ ಖರಾಬು ನೆಲವನ್ನು ಕಳೆಯುವುದು ಅದರಲ್ಲಿ ಬಿಟ್ಟುಹೋಗಿತ್ತೆಂದು ಮುಂದೆ ತಿಳಿದು, ಮೊದಲನೆಯದನ್ನು ತಿದ್ದಿ ಎರಡನೆಯದನ್ನು ಮರೆತರೆ, ಹೆಸರು ಬಿತ್ತಿದ ರೈತನ ಅದೇ ಹೊಲವು ಸಾಲಕ್ಕೆ 3 ಎಕರೆ 20 ಗುಂಟೆ, ವಿಮೆಗೆ 3 ಎಕರೆ 32 ಗುಂಟೆ. ಎರಡೂ ಅಚ್ಚಾಗಿ ಬಂದ ಕಾಗದಗಳೇ. ಅವೆರಡರ ನಡುವೆ ಸುಳ್ಳುಗಾರನಂತೆ ನಿಲ್ಲಬೇಕಾದವನು ರೈತ. ಇದನ್ನು ಬರಿಯ ಕುಶಲತೆಯ ಕೊರತೆಯೆನ್ನಲು ನನ್ನ ಮನಸ್ಸೊಪ್ಪದು. ಒಂದು ಸತ್ಯಕ್ಕೆ ಇಬ್ಬರು ಒಡೆಯರನ್ನು ನೇಮಿಸಿ, ಅವರಲ್ಲೊಬ್ಬನನ್ನು ಮರೆತುಬಿಡುವುದು ಅಧರ್ಮವೇ ಸರಿ.

ಹಾಗೆಂದು ಮರುಕಳಿಸುವುದೆಲ್ಲ ದೋಷವಲ್ಲ; ರೂಪಸಾಮ್ಯ ಕಂಡಲ್ಲೆಲ್ಲ ಒಂದುಗೂಡಿಸುವುದೂ ವಿವೇಕವಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿತ ಗಂಗೂಬಾಯಿ ಹಾನಗಲ್ಲರು ಹೇಳಿಕೊಟ್ಟ ಸ್ವರಗಳನ್ನೇ ಮರಳಿ ಮರಳಿ ಸಾಧಿಸಿದುದನ್ನು ಯಾರು ದೋಷವೆಂದಾರು? ತಂತ್ರಾಂಶದಲ್ಲಿಯೂ ಹಾಗೆಯೇ: ಸಾಲದ ಬಡ್ಡಿಯೂ ತಡವಾದುದರ ದಂಡವೂ ಇಂದು ಒಂದೇ ಬಗೆಯಲ್ಲಿ ಲೆಕ್ಕವಾಗುತ್ತಿರಬಹುದು. ಆದರೆ ಅವುಗಳ ಕಾರಣ ಬೇರೆಯಾದುದರಿಂದ ನಾಳೆ ಬದಲಾಗುವುದೂ ಬೇರೆ ಬೇರೆಯಾಗಿಯೇ. ಅಂಥವನ್ನು ಒಂದರಲ್ಲಿ ಕಟ್ಟಿಹಾಕಿದರೆ ಒಂದನ್ನು ತಿದ್ದಹೋಗಿ ಮತ್ತೊಂದನ್ನು ಕೆಡಿಸುವೆವು.

ತಂತ್ರಾಂಶ ಬರೆಯುವ ನಮ್ಮ ತರುಣರಲ್ಲಿ ನನ್ನ ವಿನಂತಿಯಿಷ್ಟೆ: ನಕಲಿಸುವ ಮೊದಲು ಆ ನಿಯಮದ ಮೂಲವೆಲ್ಲಿದೆಯೆಂದು ಹುಡುಕಿ ಅದನ್ನೇ ಬಳಸಿರಿ; ಹಳೆಯ ನಕಲನ್ನು ತೆಗೆದುಹಾಕುವ ಮೊದಲು, ಅದೇ ಹೊಲಕ್ಕೆ ಎರಡೂ ಒಂದೇ ಉತ್ತರ ಕೊಡುವುವೇ ಎಂದು ತಾಳೆ ನೋಡಿರಿ.