ಉಚಿತ ಟಿಕೆಟಿನ ಹಣ ಯಾರದು?

ಯಾವ ಕ್ರೆಡಿಟ್ ಕಾರ್ಡ್ ಪಡೆದರೆ ವಿಮಾನದ ಮೈಲುಗಳು ಬೇಗ ಕೂಡುತ್ತವೆ, ಯಾವುದರಲ್ಲಿ ಹೋಟೆಲ್ ಪಾಯಿಂಟ್‌ಗಳು ಹೆಚ್ಚು ಎಂಬುದು ಇಂದು ವಿದ್ಯಾವಂತರ ನಡುವೆ ಗಂಭೀರ ಚರ್ಚೆಯ ವಿಷಯ. ಬೆಂಗಳೂರಿನ ಕಚೇರಿಗಳಲ್ಲಿ ಊಟದ ಬಿಡುವಿನ ಮಾತು ಇದು. ಕೊಲ್ಲಿಯಿಂದ ರಜೆಗೆ ಬಂದವರ ಬಾಯಲ್ಲೂ ಇದೇ. ವಾರ್ಷಿಕ ಶುಲ್ಕವೆಷ್ಟು, ಸೇರಿದೊಡನೆ ಸಿಗುವ ಕೊಡುಗೆ ಏನು, ಒಂದು ಪಾಯಿಂಟ್‌ಗೆ ಎಷ್ಟು ಪೈಸೆ ಬೆಲೆ ಎಂದು ಅಳೆದು ತೂಗಿ ಆರಿಸುವವರನ್ನು ನಾವು ಜಾಣರೆನ್ನುತ್ತೇವೆ. ಜಾಣತನದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಉಚಿತವಾಗಿ ಸಿಕ್ಕಿತೆನ್ನುವ ಟಿಕೆಟಿನ ಹಣವನ್ನು ಯಾರೋ ಕೊಟ್ಟಿರಲೇಬೇಕಲ್ಲ? ಅವರು ಯಾರು?

ಈ ಏರ್ಪಾಡು ಬೆಳೆದದ್ದು ಅಮೆರಿಕದಲ್ಲಿ. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಖಾಯಂ ಪ್ರಯಾಣಿಕರಿಗೆ, ಹಾರಿದ ಮೈಲುಗಳ ಲೆಕ್ಕದಲ್ಲಿ ಬಹುಮಾನ ಕೊಡತೊಡಗಿತು. 1987ರಲ್ಲಿ ಸಿಟಿಬ್ಯಾಂಕ್ ಜೊತೆ ಸೇರಿ ಕಾರ್ಡ್ ತಂದ ಮೇಲೆ ಮನೆಸಾಮಾನು ಕೊಂಡವರಿಗೂ ಮೈಲು ಸಿಗುವಂತಾಯಿತು. ವಿಮಾನ ಕಂಪೆನಿ ಮೈಲುಗಳನ್ನು ಬ್ಯಾಂಕಿಗೆ ಮಾರುತ್ತದೆ, ಬ್ಯಾಂಕು ತನ್ನ ಗ್ರಾಹಕರಿಗೆ ಹಂಚುತ್ತದೆ. ಈ ವ್ಯಾಪಾರ ಎಷ್ಟು ಬೆಳೆಯಿತೆಂದರೆ, 2020ರಲ್ಲಿ ಕೊರೋನಾದಿಂದ ವಿಮಾನಗಳು ನೆಲ ಹಿಡಿದಾಗ ಯುನೈಟೆಡ್ ಏರ್‌ಲೈನ್ಸ್ ಸಾಲಕ್ಕಾಗಿ ಅಡವಿಟ್ಟದ್ದು ತನ್ನ ಮೈಲುಗಳ ಯೋಜನೆಯನ್ನು. ಅದಕ್ಕೆ ಸುಮಾರು 2,200 ಕೋಟಿ ಡಾಲರ್ ಬೆಲೆ ಕಟ್ಟಲಾಗಿತ್ತು. ಷೇರು ಪೇಟೆಯಲ್ಲಿ ಇಡೀ ಕಂಪೆನಿಗೆ ಆಗ ಅಷ್ಟು ಬೆಲೆಯಿರಲಿಲ್ಲ!

ಮೈಲು ಕೂಡಿಸುವವರ ನಡುವೆ ಒಂದು ಕತೆ ಪ್ರಸಿದ್ಧ. 1999ರಲ್ಲಿ ಕ್ಯಾಲಿಫೋರ್ನಿಯಾದ ಇಂಜಿನಿಯರ್ ಡೇವಿಡ್ ಫಿಲಿಪ್ಸ್, ಆಹಾರ ಕಂಪೆನಿಯೊಂದರ ಕೊಡುಗೆಯಲ್ಲಿ ಲೋಪ ಕಂಡುಹಿಡಿದು, ಸುಮಾರು ಮೂರು ಸಾವಿರ ಡಾಲರಿಗೆ 12,150 ಬಟ್ಟಲು ಪುಡಿಂಗ್ ಖರೀದಿಸಿದರು. ಹನ್ನೆರಡು ಲಕ್ಷಕ್ಕೂ ಹೆಚ್ಚು ಮೈಲು ಗಳಿಸಿದರು, ಪುಡಿಂಗನ್ನು ದಾನ ಮಾಡಿದರು. ಅಲ್ಲಿ ನಷ್ಟವಾದದ್ದು ಕೊಡುಗೆಯನ್ನು ತಾನೇ ಘೋಷಿಸಿದ ಕಂಪೆನಿಗೆ. ಆ ಜಾಣತನವನ್ನು ಕೇಳಿ ನಾವೂ ನಗಬಹುದು. ಕಾರ್ಡಿನ ಪಾಯಿಂಟ್‌ಗಳ ಲೆಕ್ಕ ಹಾಗಲ್ಲ.

ವಾರ್ಷಿಕ ಶುಲ್ಕವನ್ನು ಬಿಟ್ಟರೆ, ಈ ಹಣ ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವರ ಹಣದಲ್ಲಿ ಒಂದು ಪಾಲು, ಹೆಚ್ಚುಕಡಿಮೆ ನೂರಕ್ಕೆ ಎರಡು, ಕಡಿತವಾಗುತ್ತದೆ. ಅವರು ಅದನ್ನು ಸಾಮಾನಿನ ಬೆಲೆಗೆ ಸೇರಿಸುತ್ತಾರೆ. ಬೆಲೆ ಎಲ್ಲರಿಗೂ ಒಂದೇ ಆದುದರಿಂದ ನೋಟು ಎಣಿಸಿ ಕೊಡುವ ಕೂಲಿಕಾರನೂ ಅದನ್ನು ತೆರುತ್ತಾನೆ, ಅವನಿಗೆ ಮೈಲು ಮಾತ್ರ ಸಿಗುವುದಿಲ್ಲ. ಕಾರ್ಡ್ ಕೊಟ್ಟರೆ ನೂರಕ್ಕೆ ಎರಡು ಹೆಚ್ಚು ಕೇಳುವ ಅಂಗಡಿಯವರ ಮೇಲೆ ನಮಗೆ ಸಿಟ್ಟು ಬರುತ್ತದೆ. ನಿಜ ಹೇಳಬೇಕೆಂದರೆ ಲೆಕ್ಕ ಬಯಲಾಗುವುದು ಅಲ್ಲಿ ಮಾತ್ರ. ಅಮೆರಿಕದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು 2010ರಲ್ಲಿ ಇದನ್ನು ಅಂದಾಜಿಸಿದರು: ನಗದು ಬಳಸುವ ಕುಟುಂಬ ವರ್ಷಕ್ಕೆ ಸರಾಸರಿ 149 ಡಾಲರ್ ತೆರುತ್ತದೆ, ಕಾರ್ಡ್ ಬಳಸುವ ಕುಟುಂಬ 1,133 ಡಾಲರ್ ಪಡೆಯುತ್ತದೆ.

ಎರಡನೆಯ ಮೂಲ ಬಡ್ಡಿ. ಕನಿಷ್ಠ ಮೊತ್ತ ಕಟ್ಟಿದರೆ ಸಾಕೆಂದು ನಂಬಿ ಬಾಕಿ ಉಳಿಸಿಕೊಂಡವರಿಗೆ ನಮ್ಮ ದೇಶದಲ್ಲಿ ತಿಂಗಳಿಗೆ ಶೇ. 3.5ರ ಆಸುಪಾಸಿನಲ್ಲಿ ಬಡ್ಡಿ ಬೀಳುತ್ತದೆ. ವರ್ಷಕ್ಕೆ ಶೇ. 40 ದಾಟುತ್ತದೆ. ಶೇ. 30ಕ್ಕಿಂತ ಹೆಚ್ಚು ವಸೂಲಿ ಮಾಡುವುದು ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು.

ಬಡ್ಡಿಯಿಂದ ದೂರವಿರಬೇಕೆನ್ನುವ ನಮ್ಮ ಓದುಗರು ಇಲ್ಲಿ ಹೇಳುವ ಮಾತು ಗೊತ್ತು: 'ನಾವು ಪ್ರತಿ ತಿಂಗಳೂ ಪೂರ್ತಿ ಹಣ ಕಟ್ಟುತ್ತೇವೆ, ಒಂದು ರೂಪಾಯಿ ಬಡ್ಡಿ ಕೊಟ್ಟಿಲ್ಲ.' ಅದು ಸರಿ. ಆದರೆ ಕೊಡದೆ ಇರುವುದು ಒಂದು, ಇತರರು ಕೊಟ್ಟದ್ದರಲ್ಲಿ ಪಾಲು ಪಡೆಯುವುದು ಇನ್ನೊಂದು. ಹೀಗೆ ಕೂಡಿದ ಮೈಲುಗಳಿಂದ ಉಮ್ರಾಕ್ಕೆ ಹೋಗಬಹುದೇ ಎಂದು ಕೇಳುವವರಿಗೆ ಉತ್ತರ ಹೇಳಬೇಕಾದವರು ವಿದ್ವಾಂಸರು. ಪ್ರಶ್ನೆ ಹುಟ್ಟಿತಲ್ಲ, ಅದೇ ನಮಗೆ ಸಮಾಧಾನ.

ಹಾಗಾದರೆ ಕಾರ್ಡನ್ನು ಕತ್ತರಿಸಿ ಎಸೆಯಬೇಕೆ? ನಾವು ಪಾಯಿಂಟ್ ಬಿಟ್ಟುಕೊಟ್ಟರೆ ಬೇಳೆಯ ಬೆಲೆ ಇಳಿಯುವುದಿಲ್ಲ, ಸಾಲಗಾರನ ಹೊರೆ ಕಡಿಮೆಯಾಗುವುದಿಲ್ಲ. ಬಿಟ್ಟದ್ದು ಬ್ಯಾಂಕಿಗೇ ಉಳಿಯುತ್ತದೆ. ಆದುದರಿಂದ ಕಾರ್ಡ್ ಬಳಸುವವರನ್ನು ಕಳ್ಳರೆನ್ನಲು ನಾವು ಸಿದ್ಧರಿಲ್ಲ. ಅದನ್ನು ತನ್ನ ದುಡಿಮೆಯ ಫಲವೆಂಬಂತೆ ಕೊಚ್ಚಿಕೊಳ್ಳುವುದನ್ನು ಮಾತ್ರ ಒಪ್ಪಲಾಗದು.

ಲೆಕ್ಕ ಬದಲಾಗುವುದು ಕಾನೂನಿನಿಂದ. ಆಸ್ಟ್ರೇಲಿಯದ ರಿಸರ್ವ್ ಬ್ಯಾಂಕ್ 2003ರಲ್ಲಿ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸಲ್ಲುವ ಈ ಶುಲ್ಕಕ್ಕೆ ಕಡಿವಾಣ ಹಾಕಿತು, ಪಾಯಿಂಟ್‌ಗಳು ಕುಗ್ಗಿದವು. ಐರೋಪ್ಯ ಒಕ್ಕೂಟ 2015ರಲ್ಲಿ ಸಾಮಾನ್ಯ ಗ್ರಾಹಕರ ಕ್ರೆಡಿಟ್ ಕಾರ್ಡಿಗೆ ಶೇ. 0.3ರ ಮಿತಿ ವಿಧಿಸಿತು. ಅಮೆರಿಕದಲ್ಲಿ ಈ ಶುಲ್ಕ ಇಳಿಯುವಂತೆ ಕಾರ್ಡ್ ಜಾಲಗಳ ನಡುವೆ ಪೈಪೋಟಿ ತರುವ ಮಸೂದೆ 2022ರಲ್ಲಿ ಮಂಡನೆಯಾಯಿತು. ಅದನ್ನು ವಿರೋಧಿಸಿದವರಲ್ಲಿ ಬ್ಯಾಂಕುಗಳ ಜೊತೆ ವಿಮಾನ ಕಂಪೆನಿಗಳೂ ಇದ್ದವು, 'ನಿಮ್ಮ ಮೈಲುಗಳು ಹೋಗುತ್ತವೆ' ಎಂಬುದು ಅವುಗಳ ವಾದ. ನಾಳೆ ನಮ್ಮ ದೇಶದಲ್ಲೂ ಅಂಥ ಮಿತಿಯ ಮಾತು ಬಂದೀತು, ಪಾಯಿಂಟ್‌ಗಳನ್ನು ಉಳಿಸಿಕೊಳ್ಳಿ ಎಂಬ ಮನವಿಯೂ ಬಂದೀತು. ಅದಕ್ಕೆ ನಾವು ಸಹಿ ಹಾಕುವುದಿಲ್ಲ.