ಹೇಳದೆ ಉಳಿದ ಮಾತು

ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸುತ್ತೇವೆ. ಇನ್ನೊಬ್ಬರು ನಂಬಿ ಹೇಳಿದ ಗುಟ್ಟನ್ನು ಬಯಲು ಮಾಡಬಾರದೆಂದೂ ಕಲಿಸುತ್ತೇವೆ. ಈ ಎರಡು ಪಾಠಗಳು ಎದುರುಬದುರಾಗಿ ನಿಂತರೆ ಯಾವುದನ್ನು ಬಿಡಬೇಕೆಂದು ನಾನು ಪಾಠ ಹೇಳಿದ ಮೂವತ್ತು ವರ್ಷಗಳಲ್ಲಿ ಯಾವ ಮಗುವೂ ಕೇಳಿರಲಿಲ್ಲ. ಕೇಳಿದವಳು, ಶಾಲೆ ಬಿಟ್ಟು ಹತ್ತು ವರ್ಷ ಕಳೆದ ಮೇಲೆ ನೋಡಲು ಬಂದ ಹಳೆಯ ವಿದ್ಯಾರ್ಥಿನಿ.

ಅವಳು ಇಂಗ್ಲೆಂಡಿನಲ್ಲಿ ಸಾರ್ವಜನಿಕ ಆರೋಗ್ಯದ ಬಗ್ಗೆ ಓದುತ್ತಿದ್ದಳು. ಓದಿನ ಭಾಗವಾಗಿ 2019ರಲ್ಲಿ ಹತ್ತು ವಾರ ಉಗಾಂಡಾಕ್ಕೆ ಹೋಗಿದ್ದಳು. ಮಸಾಕಾ ಪಟ್ಟಣದ ಆಚೆಗಿನ ಒಂದು ಆರೋಗ್ಯ ಕೇಂದ್ರದಲ್ಲಿ, ಎಚ್.ಐ.ವಿ. ಸೋಂಕಿರುವವರನ್ನು ಮಾತಾಡಿಸಿ, ದಿನವೂ ಮಾತ್ರೆ ನುಂಗುತ್ತಾರೆಯೇ, ತಪ್ಪಿದರೆ ಏಕೆ ತಪ್ಪುತ್ತದೆ ಎಂದು ಬರೆದುಕೊಳ್ಳುವುದು ಅವಳ ಕೆಲಸ. ಅಲ್ಲಿಯವರ ಲುಗಾಂಡಾ ಭಾಷೆ ಇವಳಿಗೆ ಬಾರದು. ನರ್ಸ್ ಒಬ್ಬರು ನಡುವೆ ಕುಳಿತು ಮಾತು ದಾಟಿಸುತ್ತಿದ್ದರು. ಹೇಳಿದ್ದು ಇನ್ನಾರಿಗೂ ತಿಳಿಯುವುದಿಲ್ಲ ಎಂದು ಮೊದಲೇ ಓದಿ ಹೇಳಿ, ಒಪ್ಪಿಗೆಯ ಕಾಗದಕ್ಕೆ ಸಹಿ ಪಡೆಯಬೇಕು.

ಒಬ್ಬ ಹೆಂಗಸು ಮಾತ್ರೆಗಳನ್ನು ಬಟ್ಟೆಯಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಡುತ್ತಿದ್ದಳಂತೆ. ಶೀಸೆಯಲ್ಲೇ ಒಯ್ದರೆ ನಡೆಯುವಾಗ ಗಲಗಲ ಸದ್ದಾಗುತ್ತದೆ. ಆ ಸದ್ದು ಏನೆಂದು ಊರಿಗೆಲ್ಲ ಗೊತ್ತು. ಗಂಡನಿಗೆ ಅವಳು ಹೇಳಿರಲಿಲ್ಲ. ಹೇಳಿದರೆ ಮನೆಯಿಂದ ಹೊರಗೆ, ಮಕ್ಕಳು ಅವನ ಕಡೆಗೆ. ಅವನು ಮನೆಯಲ್ಲಿದ್ದ ರಾತ್ರಿಗಳಲ್ಲಿ ಮಾತ್ರೆ ತಪ್ಪುತ್ತಿತ್ತು. (ಹೆಸರು, ಊರು ನನಗೂ ತಿಳಿಯದು. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.)

ಮುಂದಿನ ವಾರ ಆ ಗಂಡ ಮೋಟಾರ್ ಸೈಕಲ್ಲಿನಲ್ಲಿ ಹೆಂಡತಿಯನ್ನು ಕರೆದೊಯ್ಯಲು ಬಂದ. ಜ್ವರ, ಬಾಣಂತನ ಎಲ್ಲಕ್ಕೂ ಅದೇ ಕೇಂದ್ರವಾದ್ದರಿಂದ ಅವನಿಗೆ ಸಂಶಯವೇನಿಲ್ಲ. ಇವಳನ್ನು ಕಂಡು ವಿನಯದಿಂದ ಇಂಗ್ಲಿಷಿನಲ್ಲಿ ಕೇಳಿದ: ನನ್ನ ಹೆಂಡತಿಗೆ ಏನು ಕಾಯಿಲೆ ಡಾಕ್ಟರೇ?

"ನಾನು ಡಾಕ್ಟರಲ್ಲ, ಬರೇ ವಿದ್ಯಾರ್ಥಿ ಅಂದೆ ಟೀಚರ್. ಅದು ನಿಜವೇ. ಆದರೂ ಸುಳ್ಳು ಹೇಳಿದ ಹಾಗೇ ಆಯಿತಲ್ಲ?"

ಅವನು ಕುಡುಕನೋ ಹೊಡೆಯುವವನೋ ಆಗಿದ್ದರೆ ನಮಗೆ ಉತ್ತರ ಸುಲಭವಾಗುತ್ತಿತ್ತು. ಹಾಗೇನೂ ಇರಲಿಲ್ಲ. ಅವನದೂ ಒಂದು ಜೀವ. ಅದರ ಮೇಲೆ ತೂಗುವ ಅಪಾಯ ಅವನೊಬ್ಬನನ್ನು ಬಿಟ್ಟು ಆ ಕೋಣೆಯಲ್ಲಿದ್ದ ಮೂವರು ಹೆಂಗಸರಿಗೂ ತಿಳಿದಿತ್ತು.

ಇಂಥದೇ ಪ್ರಶ್ನೆ ಅಲ್ಲೇ ಸಮೀಪದಲ್ಲಿ ಹಿಂದೆ ಎದ್ದಿತ್ತು. ಮಸಾಕಾದಿಂದ ಇನ್ನೂ ದಕ್ಷಿಣಕ್ಕೆ, ಟಾಂಜಾನಿಯಾದ ಗಡಿಯಲ್ಲಿ ರಕಾಯ್ ಎಂಬ ಜಿಲ್ಲೆಯಿದೆ. 1990ರ ದಶಕದಲ್ಲಿ ಅಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ರಕ್ತಪರೀಕ್ಷೆಗಳಿಂದ 415 ದಂಪತಿಗಳು ಗುರುತಾದರು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಸೋಂಕು, ಇನ್ನೊಬ್ಬರಿಗೆ ಇಲ್ಲ. ಗರಿಷ್ಠ 30 ತಿಂಗಳು ಅವರನ್ನು ಗಮನಿಸುವಷ್ಟರಲ್ಲಿ 90 ಮಂದಿಗೆ ಸಂಗಾತಿಯ ಸೋಂಕು ತಗುಲಿತು. ಪರೀಕ್ಷೆಯ ಫಲಿತಾಂಶ, ಸಲಹೆ, ಕಾಂಡೋಮ್ ಎಲ್ಲವೂ ಬೇಕಾದವರಿಗೆ ಉಚಿತವಾಗಿ ಸಿಗುತ್ತಿತ್ತು. ಆದರೆ ಒಬ್ಬರ ಫಲಿತಾಂಶವನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವಂತಿರಲಿಲ್ಲ. ಅದು ಆ ದೇಶದ ನಿಯಮ. 2000ದ ಮಾರ್ಚಿಯಲ್ಲಿ ಆ ವರದಿಯನ್ನು ಪ್ರಕಟಿಸಿದ ಅಮೆರಿಕದ ವೈದ್ಯಪತ್ರಿಕೆಯ ಸಂಪಾದಕಿ ಮಾರ್ಸಿಯಾ ಏಂಜೆಲ್, ಇಂಥ ಅಧ್ಯಯನ ಅಮೆರಿಕದಲ್ಲಿ ನಡೆಯಲು ಸಾಧ್ಯವಿತ್ತೇ ಎಂಬ ಪ್ರಶ್ನೆಯನ್ನು ಅದೇ ಸಂಚಿಕೆಯಲ್ಲಿ ಎತ್ತಿದರು.

ನಿಯಮ ಪಾಲಿಸಿದರು ಎಂದಷ್ಟೇ ಹೇಳಿ ಮುಗಿಸಲು ನನ್ನಿಂದಾಗದು. ಕೊಟ್ಟ ಮಾತು ಒಮ್ಮೆ ಮುರಿದರೆ ನಾಳೆ ಯಾವ ಹೆಂಗಸೂ ಪರೀಕ್ಷೆಗೆ ಬರುವುದಿಲ್ಲ ಎಂಬ ವಾದವನ್ನು ಒಪ್ಪುತ್ತೇನೆ. ಆದರೂ ಗಂಡ ಹೆಂಡಿರ ಫಲಿತಾಂಶಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಲ್ಲ ಕೈ, ಎಣಿಸಿ ಸುಮ್ಮನಾಗುವುದು ಹೇಗೆ?

ಆ ಅಧ್ಯಯನದಿಂದ ತಿಳಿದ ಸಂಗತಿ ಮಾತ್ರ ಸಣ್ಣದಲ್ಲ. ರಕ್ತದ ಪ್ರತಿ ಮಿಲಿಲೀಟರಿನಲ್ಲಿ ವೈರಾಣುವಿನ ಪ್ರಮಾಣ 1,500ಕ್ಕಿಂತ ಕಡಿಮೆಯಿದ್ದ ಯಾರಿಂದಲೂ ಸಂಗಾತಿಗೆ ರೋಗ ದಾಟಿರಲಿಲ್ಲ. ಹಾಗಾದರೆ ಔಷಧಿಯಿಂದ ವೈರಾಣುವನ್ನು ತಗ್ಗಿಸಿದರೆ? ನಮ್ಮ ದೇಶವೂ ಸೇರಿ 9 ದೇಶಗಳ 1,763 ದಂಪತಿಗಳ ನಡುವೆ ನಡೆದ ಪ್ರಯೋಗ 2011ರಲ್ಲಿ ಉತ್ತರ ಕೊಟ್ಟಿತು: ಬೇಗ ಔಷಧಿ ಆರಂಭಿಸಿದವರಿಂದ ಸಂಗಾತಿಗೆ ಸೋಂಕು ದಾಟುವುದು ಶೇಕಡಾ 96ರಷ್ಟು ಕಡಿಮೆ. ಈಗಂತೂ, ಮಾತ್ರೆಯನ್ನು ಕ್ರಮವಾಗಿ ನುಂಗಿ ಪರೀಕ್ಷೆಗೂ ಸಿಗದಷ್ಟು ವೈರಾಣು ತಗ್ಗಿದ್ದರೆ ದಾಂಪತ್ಯದಲ್ಲಿ ಅದು ಅಂಟುವುದಿಲ್ಲ ಎಂಬುದು ಸ್ಥಿರಪಟ್ಟಿದೆ.

ನನ್ನ ಹುಡುಗಿಯ ಮೌನ ಸಹ್ಯವಾಗುವುದು ಈ ತಿಳಿವಳಿಕೆಯಿಂದ. ಆ ಗಂಡನಿಗೆ ಹೇಳದೆಯೂ ಅವನನ್ನು ಕಾಯುವ ದಾರಿಯೊಂದು ಇವಳ ಕಾಲಕ್ಕೆ ಇದೆ. ರಕಾಯ್‌ನ ಆ 90 ಮಂದಿಗೆ ಅದಿರಲಿಲ್ಲ. ಅವರಿಗೆ ತಗುಲಿದ್ದರಿಂದಲೇ ನಮಗೆ ತಿಳಿದದ್ದು. ಈ ಲೆಕ್ಕವನ್ನು ಹೇಗೆ ಬಿಡಿಸಿದರೂ ಏನೋ ಒಂದು ಶೇಷ ಉಳಿಯುತ್ತದೆ.

"ಹಾಗಾದರೆ ಅವಳ ಮಾತ್ರೆ ತಪ್ಪಬಾರದಿತ್ತಲ್ಲ," ಎಂದೆ.

ಅದನ್ನು ಅವಳೂ ಯೋಚಿಸಿದ್ದಳು. ಬರೆದುಕೊಳ್ಳುವುದಷ್ಟೇ ಅವಳಿಗೆ ಒಪ್ಪಿಸಿದ ಕೆಲಸ. ಆದರೂ ಆ ಹೆಂಗಸಿನ ಒಪ್ಪಿಗೆ ಕೇಳಿಕೊಂಡು ನರ್ಸ್ ಜೊತೆ ಮಾತಾಡಿದಳು. ಮಾತ್ರೆಯನ್ನು ರಾತ್ರಿಯ ಬದಲು ಬೆಳಿಗ್ಗೆ, ನೀರಿಗೆ ಹೋಗುವ ಹೊತ್ತಿನಲ್ಲಿ ನುಂಗಬಹುದೆಂದಾಯಿತು. ಆ ಹೊತ್ತಿಗೆ ಅವಳೊಬ್ಬಳೇ ಇರುತ್ತಾಳೆ. ಮುಂದಿನ ಎರಡು ವಾರ ಒಂದೂ ತಪ್ಪಲಿಲ್ಲವಂತೆ. ವಿಶ್ವವಿದ್ಯಾಲಯಕ್ಕೆ ಕೊಟ್ಟ ವರದಿಯಲ್ಲಿ ಇದರ ಒಂದು ಸಾಲೂ ಇಲ್ಲ.

ಗಂಡನಿಗೆ ನೀವೇ ಹೇಳಿ, ಬೇಕಾದರೆ ನಾವೂ ಜೊತೆಗಿರುತ್ತೇವೆ ಎಂದು ನರ್ಸ್ ಆ ಹೆಂಗಸಿಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಇವಳು ಅಲ್ಲಿಂದ ಹೊರಡುವವರೆಗೂ ಆಕೆ ಹೇಳಿರಲಿಲ್ಲ.